ಓರಗಿತ್ತಿ ಒಗೆದ ಹಾಡು

ನನ್ನ ಓರಗಿತ್ತಿ ಊರವರ ಬಟ್ಟೆ ಒಗೆದು, ಇಸ್ತ್ರಿ ಮಾಡಿಯೇ ಮಗಳನ್ನು ಓದಿಸಿದವಳು. ಅವಳ ಕೈಗೆ ಸಿಕ್ಕ ಬಟ್ಟೆಯಲ್ಲಿ ಕರೆ ಉಳಿದದ್ದಿಲ್ಲ. ಮಾತಾಡುತ್ತಾ ಕೂತರೂ ಕಣ್ಣು ಎದುರಿನವರ ಕಾಲರಿನ ಮೇಲೆ. ಬಟ್ಟೆಯನ್ನು ಕಲ್ಲಿಗೆ ಬಡಿಯುವಾಗ 'ಹುಶ್' ಎಂದು ಉಸಿರು ಬಿಡುವುದು ಅವಳ ಅಭ್ಯಾಸ. ನಮ್ಮ ಓಣಿಗೆ ಅದೇ ಬೆಳಗಿನ ಗಡಿಯಾರ.

ಮಗಳು ಹಾಡುಗಾರ್ತಿಯಾದಳು. ಹಾಡೆಂದರೆ ಪದವಿಲ್ಲ, ತಾಳವಿಲ್ಲ. ಕೆಮ್ಮು, ನಗು, ಬಿಕ್ಕಳಿಕೆ, ಬಾಗಿಲು ಕಿರುಗುಟ್ಟುವ ಸದ್ದು ಎಲ್ಲ ಒಂದೇ ಗಂಟಲಲ್ಲಿ. ಜೊತೆಗೆ ನಟನೆ ಬೇರೆ. ಓರಗಿತ್ತಿಗೆ ತಲೆ ಎತ್ತಲಾಗುತ್ತಿರಲಿಲ್ಲ. ಪಕ್ಕದ ಮನೆಯ ದರ್ಜಿ "ಮಗಳಿಗೆ ಹುಷಾರಿಲ್ವಾ?" ಎಂದು ಕೇಳಿದರೆ, "ಹೂಂ, ಗಂಟಲು ಕೆಟ್ಟಿದೆ" ಎಂದುಬಿಡುತ್ತಿದ್ದಳು. ಒಂದು ಸಲವೂ ನೋಡಲು ಹೋದವಳಲ್ಲ.

ಈ ಸಲ ದೊಡ್ಡ ಸಭಾಂಗಣ. ಮಗಳು ಬೇಡಿಕೊಂಡಳು, ಇವಳು ಒಪ್ಪಿದಳು. ರಂಗ ಸಿದ್ಧ ಮಾಡಲು ಮಗಳು ಹಿಂದಿನ ದಿನವೇ ಹೊರಟಳು. "ಮೂಲೇಲಿರೋ ಗಂಟು ನಾಳೆ ಬರುವಾಗ ತಗೊಂಡ್ ಬಾ ಅಮ್ಮ. ಎಲ್ಲರಿಗೂ ಕಾಣೋ ಹಾಗೆ ತೂಗುಹಾಕ್ಬೇಕು" ಎಂದಳು.

ಗಂಟು ಬಿಚ್ಚಿದರೆ ಹಳೆಯ ಬಿಳಿ ಹಾಸುಬಟ್ಟೆ. ಮೈತುಂಬ ಚಹಾ, ಮಸಿ, ಶಾಯಿ. ಬಟ್ಟೆ ಒಗೆಯುವವಳ ಮಗಳೇ ಊರ ಮುಂದೆ ಕೊಳಕು ಹಾಸು ತೂಗುಹಾಕಿದಳು ಅಂತ ಆಗಬಾರದಲ್ಲ. ಓರಗಿತ್ತಿ ಸೋಡಾ ಹಾಕಿ ಕುದಿಸಿದಳು, ಬಡಿದಳು, ಬಿಸಿಲಿಗೆ ಹರವಿದಳು, ಗಂಜಿ ಕೊಟ್ಟು ಇಸ್ತ್ರಿ ಹಾಕಿದಳು.

ಮರುದಿನ ನಾನೂ ಜೊತೆಗೆ ಹೋದೆ. ರಂಗದ ಹಿಂದೆ ಮಗಳು ಹಾಸನ್ನು ಬಿಡಿಸಿದಳು.

"ಅಮ್ಮ, ಇದರ ಮೇಲಿದ್ದದ್ದು?"

"ಎಲ್ಲ ಹೋಯ್ತು. ಶಾಯಿ ಮಾತ್ರ ಸ್ವಲ್ಪ ಹಠ ಮಾಡ್ತು ನೋಡು."

"ಆ ಕರೆಗಳೇ ಕಣಮ್ಮ ನನ್ನ ಹಾಡು. ಚಹಾದ ಉಂಗುರ ಬಂದ್ರೆ ಗುಂಯ್‌ಗುಟ್ಟಬೇಕು, ಶಾಯಿ ಹನಿಗೆ ನಗಬೇಕು. ನೋಡ್ಕೊಂಡೇ ಹಾಡ್ತೀನಿ ನಾನು."

ಜೊತೆಗೆ ಹಾಡುವ ಡುಮ್ಮಣ್ಣ, "ಹೋಗ್ಲಿ ಬಿಡಿ ಅಮ್ಮಾ, ನಮ್ಮನ್ನೂ ಒಂದ್ಸಲ ಕುದಿಸಿಬಿಡಿ" ಎಂದ. ಯಾರೂ ನಗಲಿಲ್ಲ. ಓರಗಿತ್ತಿ ಕಿವಿಯವರೆಗೂ ಕೆಂಪಾಗಿ ನೆಲ ನೋಡುತ್ತಾ ನಿಂತಳು. ನಾನೇ ಕೈ ಹಿಡಿದು ಕರೆತಂದು ಕುರ್ಚಿಯಲ್ಲಿ ಕೂರಿಸಿದೆ.

ಮಗಳು ಬಿಳಿ ಹಾಸಿನ ಎದುರು ನಿಂತು ನೆನಪಿದ್ದಷ್ಟು ಹಾಡಿದಳು. ನಡುವೆ ಬಾಯಿ ತೆರೆದಳು, ದನಿಯೇ ಬರಲಿಲ್ಲ. ಇದೂ ಹಾಡೇ ಇರಬೇಕೆಂದು ಜನ ತೆಪ್ಪಗೆ ಕೂತರು. ಅಲ್ಲವೆಂದು ನಮಗೆ ಗೊತ್ತು. ಓರಗಿತ್ತಿ ನನ್ನ ಮಣಿಕಟ್ಟನ್ನು ಒದ್ದೆ ಬಟ್ಟೆ ಹಿಂಡಿದ ಹಾಗೆ ಹಿಂಡುತ್ತಿದ್ದಳು.

ಆಮೇಲೆ ಮಗಳು ಹಾಸನ್ನು ಎಳೆದು ಕೆಡವಿದಳು. ಸುತ್ತಿ, ಎತ್ತಿ, ನೆಲಕ್ಕೆ ಬಡಿದು 'ಹುಶ್' ಎಂದಳು. ಮತ್ತೆ ಬಡಿದಳು. ಥೇಟ್ ಅಮ್ಮನ ಉಸಿರು. ಸೊಂಟಕ್ಕೆ ಕೈಕೊಟ್ಟು ನೆಟ್ಟಗಾಗುವುದೂ ಅಮ್ಮನದೇ. ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಓರಗಿತ್ತಿ ಎರಡೂ ಕೈಯಿಂದ ಮುಖ ಮುಚ್ಚಿಕೊಂಡಿದ್ದಳು.

"ಎಲ್ಲರೆದುರು ನನ್ನ ಒಗೆದ್ಬಿಟ್ಳು ಅಕ್ಕ" ಎಂದಳು ದಾರಿಯಲ್ಲಿ.

ಹಿಂದೆ ಬರುತ್ತಿದ್ದ ಮಗಳ ತಲೆಯೂ ತಗ್ಗಿತ್ತು. "ಬೇರೇನೂ ನೆನಪಾಗ್ಲಿಲ್ಲಮ್ಮ" ಎಂದಳು.

ಈಗ ಯಾರಾದರೂ ಅಂಗಿ ತಂದರೆ, "ಈ ಕರೆ ಇರಬೇಕಾ, ಹೋಗಬೇಕಾ?" ಎಂದು ಓರಗಿತ್ತಿ ಕೇಳುತ್ತಾಳೆ. ಅವರು ನಗುತ್ತಾರೆ. ಅವಳು ನಗುವುದಿಲ್ಲ.

ಮೊನ್ನೆ ನಾನು ಹೋದಾಗ ಅದೇ ಹಾಸನ್ನು ನೆಲದ ಮೇಲೆ ಹರಡಿ, ಚಹಾದ ಲೋಟ ಹಿಡಿದು ಕೂತಿದ್ದಳು. ಹೊಸ ಹಾಡಿಗೆ ಮೊದಲ ಕರೆ ನೀನೇ ಹಾಕಬೇಕು ಎಂದು ಮಗಳು ಹೇಳಿ ಹೋಗಿದ್ದಳಂತೆ. ಚಹಾ ಆರಿ ಕೆನೆ ಕಟ್ಟಿತ್ತು.

"ಕೈಯೇ ಬರ್ತಿಲ್ಲ ಅಕ್ಕ. ನೀನೇ ಚೆಲ್ಲು."

ನಾನು ಚೆಲ್ಲಿದೆ. ಅವಳು ಗೋಡೆಯ ಕಡೆ ತಿರುಗಿಕೊಂಡಳು.