ಜೂನ್ ಮೂವತ್ತೊಂದರ ಭೇಟಿ

ನಿನ್ನೆ ಮಧ್ಯಾಹ್ನ ಊಟ ಮುಗಿಸಿ ಸೋಫಾದ ಮೇಲೆ ಅಡ್ಡಾಗಿದ್ದೆ. ಇಲ್ಲಿ ಕೊಲ್ಲಿ ದೇಶದಲ್ಲಿ, ಫಿಂಟಾಸಿನ ನಮ್ಮ ಕಟ್ಟಡದಲ್ಲಿ ಯಾರ ಮನೆಯಲ್ಲಿ ಏನು ಬೇಯುತ್ತಿದೆ ಎಂಬುದು ಗುಟ್ಟಾಗಿ ಉಳಿಯುವುದಿಲ್ಲ. ಎಲ್ಲ ಅಡುಗೆಮನೆಗಳ ಗಾಳಿಕಿಂಡಿಗಳೂ ಒಂದೇ ಕೊಳವೆಗೆ ಬಾಯಿ ಇಟ್ಟಿವೆ. ವಿನೆಗರ್‌ನಲ್ಲಿ ಮೆಣಸು ಅರೆದು ಹಚ್ಚಿದ ಬಂಗುಡೆ ಕಾದ ಎಣ್ಣೆಗೆ ಬಿದ್ದ ವಾಸನೆ ಬಂತು. "ಕೆಳಗಿನವರದ್ದು ಮಸಾಲೆ ಕರಟಿತು" ಎಂದಳು ಹೆಂಡತಿ ಶಶಿಕಲಾ. ನಾನು ಎದ್ದು ಕುಳಿತೆ. ಆ ವಾಸನೆ ಬಂದರೆ ನನಗೆ ಬಾಯಲ್ಲಿ ನೀರು ಬರುವ ಮೊದಲು ಬೆನ್ನು ನೆಟ್ಟಗಾಗುತ್ತದೆ. ಕಾರಣ, ಐರಿನ್ ಬಾಯಿ.

ತೊಂಬತ್ತರ ದಶಕದ ಕೊನೆಯ ಮಾತು. ಆಗ ನಾನು ಅಬು ಹಲೀಫಾದಲ್ಲಿ ನಾಲ್ಕು ಮಾಳಿಗೆಯ, ಲಿಫ್ಟ್ ಇಲ್ಲದ ಕಟ್ಟಡವೊಂದರ ಮೂರನೇ ಮಾಳಿಗೆಯಲ್ಲಿದ್ದೆ. ಏಸಿ ಬಿಡಿಭಾಗ ಮಾರುವ ಕಚೇರಿಯಲ್ಲಿ ಗುಮಾಸ್ತ. ಎದುರು ಬಾಗಿಲಿನ ಐರಿನ್ ಬಾಯಿ ಕಾರ್ಕಳದ ಕಡೆಯವರು, ಆಸ್ಪತ್ರೆಯೊಂದರಲ್ಲಿ ರೋಗಿಗಳ ಕಡತಗಳನ್ನು ಕಾಯುವ ಕೆಲಸ. ಗಂಡ ತೈಲ ಕಂಪನಿಯ ಶಿಫ್ಟಿನಲ್ಲಿದ್ದರು. ಅವರನ್ನು ನಾನು ಎಚ್ಚರದಲ್ಲಿ ನೋಡಿದ್ದು ಎರಡೇ ಸಲ. ಐರಿನ್ ಬಾಯಿಯ ಮನೆಯ ಸಮವಸ್ತ್ರ ಹೂವಿನ ನೈಟಿ, ಹೆಗಲ ಮೇಲೊಂದು ಟವೆಲು. ಈ ಟವೆಲು ಯಾಕೆ ಎಂದು ಕೇಳಬೇಡಿ. ನಮ್ಮ ಕರಾವಳಿಯಲ್ಲಿ ನೈಟಿಯ ಮೇಲೆ ಟವೆಲು ಬಿತ್ತೆಂದರೆ ಆ ಹೆಂಗಸು ಮೀನಿನವನನ್ನೂ ಎದುರಿಸಬಲ್ಲಳು, ಪೊಲೀಸನನ್ನೂ ಎದುರಿಸಬಲ್ಲಳು.

ಕಟ್ಟಡದ ಮಾಲಿಕ ಯಾರೆಂದು ನಮಗ್ಯಾರಿಗೂ ಗೊತ್ತಿರಲಿಲ್ಲ. ಬಾಡಿಗೆ ನೋಡಿಕೊಳ್ಳುತ್ತಿದ್ದುದು ಪಟ್ಟಣದ ಮಿರ್ಕಾಬ್ ಎಂಬ ಪೇಟೆಯ ಒಂದು ಕಚೇರಿ. ಬಾಡಿಗೆಯಲ್ಲದೆ ಮೆಟ್ಟಿಲು ಗುಡಿಸುವುದಕ್ಕೆ, ಕಸ ಸಾಗಿಸುವುದಕ್ಕೆ, ಟ್ಯಾಂಕಿಗೆ ನೀರು ತುಂಬಿಸುವುದಕ್ಕೆ ಎಂದು ತಿಂಗಳಿಗೆ ಮೂರು ದೀನಾರ್ ಬೇರೆ ಕೊಡಬೇಕು. ನಾವು ಅದನ್ನು 'ಕಂದಾಯ' ಎನ್ನುತ್ತಿದ್ದೆವು. ಊರಿನ ಕಂದಾಯದ ಹಾಗೆಯೇ ಮರೆಯುತ್ತಲೂ ಇದ್ದೆವು. ನಾನು ಆರು ತಿಂಗಳು ಮರೆತೆ.

ಅವರು ಕಾಗದ ಕಳಿಸಲಿಲ್ಲವೇ ಎಂದರೆ, ಕಳಿಸಿದ್ದರು. ಬಾಗಿಲಿನ ಕೆಳಗಿನಿಂದ ಅರಬ್ಬಿ ಕಾಗದಗಳು ಒಳಗೆ ತೂರಿ ಬರುತ್ತಿದ್ದವು. ಮೊದಲೆರಡು ಕೋಳಿ ಅಂಗಡಿಯ ಜಾಹೀರಾತು ಎಂದುಕೊಂಡು, ಕುಂಟುತ್ತಿದ್ದ ಫ್ರಿಜ್ಜಿನ ಕಾಲಡಿ ಮಡಚಿ ಇಟ್ಟೆ. ಮೂರನೆಯದನ್ನು ಪಕ್ಕದ ಬಕಾಲದ, ಅಂದರೆ ಕಿರಾಣಿ ಅಂಗಡಿಯ, ಹುಡುಗ ಓದಿ, "ಬಾಕಿ, ಮತ್ತೆ ವಸೂಲಿಯವನ ಭೇಟಿ ಶುಲ್ಕ" ಎಂದ. ಭೇಟಿ ಶುಲ್ಕದ ಮುಂದೆ ದುಂಡಗೆ ಒಂದು ಸೊನ್ನೆ ಇತ್ತು. ಎಂಥ ಸಜ್ಜನರು, ಮನೆಗೆ ಬಂದು ಹೋದದ್ದಕ್ಕೆ ಏನೂ ತಗೊಳ್ಳುವುದಿಲ್ಲ ಎಂದು ನೆಮ್ಮದಿಯಾಗಿದ್ದೆ. ಅರಬ್ಬಿಯಲ್ಲಿ ಸೊನ್ನೆ ಎಂದರೆ ಬರೀ ಚುಕ್ಕಿ, ದುಂಡಗಿರುವುದು ಐದು ಎಂಬ ಜ್ಞಾನ ನನಗೆ ಬಂದದ್ದು ತಡವಾಗಿ.

ಅದೇ ವರ್ಷ ನನ್ನ ಸಂಬಳ ಏರಿ, ಫ್ಯಾಮಿಲಿ ವೀಸಾಕ್ಕೆ ಅರ್ಜಿ ಹಾಕುವ ಯೋಗ ಬಂತು. ಊರಿನಲ್ಲಿ ಶಶಿಕಲಾ ಉಪ್ಪಿನಕಾಯಿ ಭರಣಿಗೆ ಬಟ್ಟೆ ಕಟ್ಟಿ ಕಾಯುತ್ತಿದ್ದಳು. ಮೂರು ವರ್ಷದ ಮಗಳು ಆಕಾಶದಲ್ಲಿ ಹೋಗುವ ಪ್ರತಿಯೊಂದು ವಿಮಾನಕ್ಕೂ "ಅಪ್ಪಾ, ನಿಲ್ಲಿಸಿ" ಎಂದು ಕೂಗುತ್ತಾಳಂತೆ. ಅರ್ಜಿಗೆ ಬೇಕಾದದ್ದು ಮೊಹರು ಹಾಕಿದ ಬಾಡಿಗೆ ಕರಾರು. ಅದನ್ನು ಕೇಳಲು ಮಿರ್ಕಾಬಿಗೆ ಹೋದರೆ ಗುಮಾಸ್ತನೊಬ್ಬ ಪಟ್ಟಿ ಚಾಚಿದ. ಬಾಕಿ ಹದಿನೆಂಟು. ಏಳು ಭೇಟಿಗೆ ಮೂವತ್ತೈದು. ಬೀಗ ಒಡೆಯುವವನಿಗೆ ಹತ್ತು. ಸಾಮಾನು ಸಾಗಿಸುವ ವ್ಯಾನಿಗೆ ಹದಿನೈದು. ಒಟ್ಟು ಎಪ್ಪತ್ತೆಂಟು ದೀನಾರ್. ಕೊಡದಿದ್ದರೆ ಮೊಹರಿಲ್ಲ, ಗುರುವಾರ ಸಾಮಾನು ಪಟ್ಟಿ ಮಾಡಲು ಜನ ಬರುತ್ತಾರೆ ಎಂದ. ನಾನು "ಶುಕ್ರನ್" ಎಂದು ವಂದಿಸಿ ಹೊರಬಂದೆ. ಯಾಕೆ ವಂದಿಸಿದೆನೋ ಇಂದಿಗೂ ತಿಳಿಯದು.

ಗುರುವಾರ ಮಧ್ಯಾಹ್ನ ಆ ಕಚೇರಿಯ ವಸೂಲಿಯವನು ಉಸ್ತಾದ್ ನಬೀಲ್ ಬಂದ. ಈಜಿಪ್ಟಿನವನು, ಭಾರೀ ದೇಹ, ಕಂಕುಳಲ್ಲಿ ಚರ್ಮದ ಚೀಲ. ಮೂರು ಮಾಳಿಗೆ ಹತ್ತಿ ಅವನ ಉಸಿರು ಬಾಗಿಲು ತಟ್ಟುವ ಮೊದಲೇ ಒಳಗೆ ಕೇಳುತ್ತಿತ್ತು. ಪಾಪ ಎನಿಸಿ ಕೂರಿಸಿದೆ, ನೀರು ಕೊಟ್ಟೆ, ಚಾ ಮಾಡಿದೆ. ಅವನು ಕಾಗದ ತೆಗೆದು ಫ್ರಿಜ್, ಟಿವಿ, ಫ್ಯಾನ್ ಎಂದು ಬರೆದುಕೊಳ್ಳತೊಡಗಿದ. ನಾನೋ, ಸಹಕರಿಸುವುದೇ ಸಭ್ಯತೆ ಎಂದು ಬಗೆದು, ಮಂಚದ ಕೆಳಗಿನ ಸೂಟ್‌ಕೇಸನ್ನೂ ಎಳೆದು ತೋರಿಸಿದೆ. ಅವನು ಇಡ್ಲಿ ಬೇಯಿಸುವ ಅಟ್ಟವನ್ನು ಕೈಯಲ್ಲೆತ್ತಿ, "ಭಾಯಿ, ಯೇ ಕ್ಯಾ? ರೇಡಿಯೋ?" ಎಂದು ಕೇಳಿದ.

ಅಷ್ಟರಲ್ಲಿ ಬಂಗುಡೆಯ ವಾಸನೆ ಒಳಗೆ ಬಂತು, ಹಿಂದೆಯೇ ಐರಿನ್ ಬಾಯಿ. ಬಾಣಲೆ ಒಲೆಯ ಮೇಲಿಟ್ಟೇ ಬಂದಿದ್ದರು; ಕೈಯಲ್ಲಿ ಎಣ್ಣೆ ತೊಟ್ಟಿಕ್ಕುವ ಸಟ್ಟುಗ.

"ಎಂತದು ಮಾರಾಯ, ಮನೆ ಖಾಲಿ ಮಾಡ್ತೀಯಾ?"

ಹೇಳಿದೆ. ಬಾಕಿಯ ಪಟ್ಟಿ ಇಸಿದುಕೊಂಡು ಓದಿದರು. ಇಪ್ಪತ್ತು ವರ್ಷ ಅರಬ್ಬಿ ಕಡತ ನೋಡಿದ ಕಣ್ಣು. "ಸಾಯ್ಬಾ ಭೊಗ್ಸ್!" ಎಂದರು. ದೇವರೇ ಕ್ಷಮಿಸು ಎಂದು ಅರ್ಥ. ಆದರೆ ಅವರ ಧ್ವನಿಯಲ್ಲಿ ಕ್ಷಮೆಯ ಸುಳಿವಿರಲಿಲ್ಲ. "ಇವ ಏಳು ಸಲ ಬಂದದ್ದು ಹೌದಾ?"

"ನಾನು ಕೆಲಸದಲ್ಲಿರ್ತೇನೆ ಬಾಯಿ, ನನಗೇನು ಗೊತ್ತು?"

"ತಾರೀಕು ಉಂಟಲ್ಲ ಇಲ್ಲಿ. ಇದೊಂದು ನೋಡು. ಜೂನ್ ಮೂವತ್ತೊಂದು." ನಬೀಲನ ಕಡೆ ತಿರುಗಿ ಅರಬ್ಬಿಯಲ್ಲಿ ಕೇಳಿದರು. ಅವನು ಬೆರಳು ಮಡಚಿ ತಿಂಗಳುಗಳನ್ನು ಎಣಿಸಿದ, ಜೂನಿಗೆ ಬಂದು ನಿಂತ, ಮತ್ತೆ ಮೊದಲಿನಿಂದ ಎಣಿಸಿದ. ಚಾ ಗುಟುಕರಿಸಿದ.

"ಬೀಗ ಒಡೆದದ್ದು ಎಲ್ಲಿ? ವ್ಯಾನ್ ಎಲ್ಲಿ?" ಐರಿನ್ ಬಾಯಿ ಕಿಟಕಿಯಿಂದ ಬಗ್ಗಿ ನೋಡಿದರು. ಕೆಳಗೆ ವ್ಯಾನಿರಲಿಲ್ಲ, ನಬೀಲ್ ಬಂದದ್ದು ಬಸ್ಸಿನಲ್ಲಿ. "ಇವನಿಗೆ ಹೇಳು, ನಾನೂ ನನ್ನ ಬಾಗಿಲಿಂದ ನಿನ್ನ ಬಾಗಿಲಿಗೆ ಬಂದಿದ್ದೇನೆ. ನನ್ನ ಭೇಟಿ ಶುಲ್ಕ ಐದು ದೀನಾರ್. ಸುಟ್ಟುಹೋಗ್ತಿರೋ ಬಂಗುಡೆಯದ್ದು ಬೇರೆ." ನನಗೆ ಹೇಳಲು ಬಿಡದೆ ತಾವೇ ಅರಬ್ಬಿಯಲ್ಲಿ ಹೇಳಿದರು. ನಬೀಲ್ ನಿಜವಾಗಿಯೂ ಜೇಬಿಗೆ ಕೈ ಹಾಕಿದ. ಅವನೂ ನನ್ನ ಜಾತಿಯವನೇ ಎಂದು ಆಗ ಗೊತ್ತಾಯಿತು: ಯಾರಾದರೂ ಗಟ್ಟಿಯಾಗಿ ಕೇಳಿದರೆ ಕೊಟ್ಟುಬಿಡುವವನು. ಸಾಮಾನಿನ ಪಟ್ಟಿಯನ್ನು ಅರ್ಧಕ್ಕೆ ಬಿಟ್ಟು, ಒಂದು ವಾರ ಟೈಮ್ ಎಂದು ಹೇಳಿ ಮೆಟ್ಟಿಲಿಳಿದ.

ಆ ವಾರ ಐರಿನ್ ಬಾಯಿ ಕಟ್ಟಡದ ಬಾಗಿಲುಗಳನ್ನೆಲ್ಲ ತಟ್ಟಿದರು. ನಾನು ಹಿಂದೆ ಫೈಲು ಹಿಡಿದುಕೊಂಡು. ಹನ್ನೊಂದು ಮನೆಗಳಿಗೆ ಇಂಥದೇ ಪಟ್ಟಿ ಬಂದಿತ್ತು! ಮಜವೆಂದರೆ ಎಲ್ಲದರಲ್ಲೂ ಅವೇ ತಾರೀಕುಗಳು. ನಬೀಲ್ ಒಂದು ಸಲ ಕಟ್ಟಡ ಹತ್ತಿದರೆ ಹನ್ನೊಂದು ಭೇಟಿಯ ಶುಲ್ಕ, ಐವತ್ತೈದು ದೀನಾರ್. ಜೂನ್ ಮೂವತ್ತೊಂದರಂದು ಕೂಡ ಅವನು ಹನ್ನೊಂದೂ ಮನೆಗೆ ತಪ್ಪದೆ ಭೇಟಿ ಕೊಟ್ಟಿದ್ದ. ಇನ್ನೊಂದು ತಾರೀಕು ದೊಡ್ಡ ಧೂಳಿನ ಬಿರುಗಾಳಿಯ ದಿನದ್ದು. ಅಂದು ಕಟ್ಟಡದ ಕಾವಲುಗಾರನೇ ಮೆಟ್ಟಿಲು ಬಾಗಿಲಿಗೆ ಒದ್ದೆ ಗೋಣಿ ತುರುಕಿ ಕುಳಿತಿದ್ದ, ನೊಣವೂ ಒಳಗೆ ಬಂದಿಲ್ಲ ಎಂದು ಆಣೆ ಹಾಕಿದ. ನನ್ನ ಕರಾರನ್ನು ಓದಿದಾಗ ಸಿಕ್ಕಿದ್ದು ಇನ್ನೂ ಚೆನ್ನ: ಬಾಕಿಗೆ ಲಿಖಿತ ನೋಟಿಸ್ ಕೊಟ್ಟ ಮೇಲೆ ಒಂದೇ ಒಂದು ಭೇಟಿಗೆ ಎರಡು ದೀನಾರ್, ಅಷ್ಟೇ. ಆ ಕರಾರಿಗೆ ಸಹಿ ಹಾಕಿದವನು ನಾನೇ. ಸಹಿಯನ್ನು ಬಹಳ ಅಂದವಾಗಿ ಹಾಕಿದ್ದೆ.

ದೂರು ಬರೆಯುವ ಕೆಲಸ ನನಗೆ ಬಿತ್ತು. ಕಚೇರಿಯಲ್ಲಿ ಕುಳಿತು ಟೈಪ್ ಮಾಡಿಕೊಂಡು ಬಂದೆ. "ತಮ್ಮ ಪಾದಾರವಿಂದಗಳಲ್ಲಿ" ಎಂಬುದಕ್ಕೆ ಇಂಗ್ಲಿಷಿನಲ್ಲಿ ಏನೆಲ್ಲ ಪರ್ಯಾಯಗಳಿವೆಯೋ ಅವೆಲ್ಲ ಅದರಲ್ಲಿದ್ದವು. ಐರಿನ್ ಬಾಯಿ ಪೆನ್ನು ಹಿಡಿದು ಹೊಡೆಯುತ್ತ ಹೋದರು. ಒಂದು ಪುಟದಲ್ಲಿ ಉಳಿದದ್ದು ನಾಲ್ಕು ಸಾಲು. "ನೀನು ಸಾಲ ಮಾಫಿ ಕೇಳ್ತಾ ಇಲ್ಲ ಮಾರಾಯ. ಹದಿನೆಂಟು ಕೊಡ್ಲಿಕ್ಕುಂಟು, ಕೊಡು. ಅದರ ಮೇಲೆ ಎರಡು. ಉಳಿದ ಐವತ್ತೆಂಟು ಕರಾರಿನ ಯಾವ ಸಾಲಿನಲ್ಲಿ ಬರೆದಿದೆ ಅಂತ ಕೇಳು. ಅಷ್ಟು ಸಾಕು." ಅದನ್ನು ಅವರ ಆಸ್ಪತ್ರೆಯ ಗೆಳತಿ ಅರಬ್ಬಿಗೆ ಇಳಿಸಿದಳು.

ಮಿರ್ಕಾಬಿನ ಕಚೇರಿಯಲ್ಲಿ ಮ್ಯಾನೇಜರ್ ಬಹಳ ಸುಗಂಧದ ಮನುಷ್ಯ. ನೈಟಿಯ ಬದಲು ಸೀರೆ ಉಟ್ಟು ಬಂದಿದ್ದ ಐರಿನ್ ಬಾಯಿ ಹನ್ನೊಂದು ಪಟ್ಟಿಗಳನ್ನು ಇಸ್ಪೀಟಿನ ಎಲೆಗಳ ಹಾಗೆ ಮೇಜಿನ ಮೇಲೆ ಹರಡಿದರು. ಹಿಂದೆ ನಾನೂ ಕಟ್ಟಡದ ಇನ್ನೂ ನಾಲ್ವರೂ ನಿಂತಿದ್ದೆವು. ವೀಸಾ ಅರ್ಜಿಯ ಗಡುವಿಗೆ ಉಳಿದದ್ದು ಮೂರೇ ದಿನ. ಈ ಮನುಷ್ಯ ಕೋಪದಿಂದ ಮೊಹರನ್ನು ಡ್ರಾಯರಿಗೆ ಹಾಕಿ ಬೀಗ ಜಡಿದರೆ ಉಪ್ಪಿನಕಾಯಿಯೂ ಹೋಯಿತು, ವಿಮಾನವೂ ಹೋಯಿತು.

ಮ್ಯಾನೇಜರ್ ತಾರೀಕು ನೋಡಿ ನಬೀಲನನ್ನು ಕರೆಸಿದ. "ಜೂನ್ ಮೂವತ್ತೊಂದಕ್ಕೆ ಹೋಗಿದ್ದೆಯಾ?"

ನಬೀಲ್ ನಮ್ಮ ಕಡೆ ನೋಡಿದ. ಆಮೇಲೆ ಮೆಲ್ಲಗೆ, "ವಲ್ಲಾಹಿ, ದೇವರಾಣೆ, ತಾರೀಕು ಬರೆಯುವುದು ಆಫೀಸು. ನಾನು ಹತ್ತಿದ್ದು ಎರಡೇ ಸಲ. ಎರಡು ಸಲಕ್ಕೂ ಸೇರಿಸಿ ನನಗೆ ಕೊಟ್ಟದ್ದು ಒಂದು ದೀನಾರ್" ಎಂದ.

ಐರಿನ್ ಬಾಯಿಗೆ ನಿಜವಾದ ಸಿಟ್ಟು ಬಂದದ್ದು ಆಗ. ನಮ್ಮ ವಿಷಯ ಬದಿಗಿಟ್ಟು, ಈ ಆಳು ಇಷ್ಟು ದೇಹ ಹೊತ್ತು ಮಾಳಿಗೆ ಹತ್ತಿದ್ದಕ್ಕೆ ಅರ್ಧ ಅರ್ಧ ದೀನಾರಾ, ಇವನ ಹೃದಯದ ಕಡತ ನಾಳೆ ನನ್ನ ಮೇಜಿಗೇ ಬರುತ್ತದೆ ಎಂದು ಶುರುಮಾಡಿದರು. ಮ್ಯಾನೇಜರ್ ಎರಡೂ ಕೈ ಎತ್ತಿದ. "ಖಲಾಸ್, ಮದಾಮ್, ಖಲಾಸ್!" ಇಪ್ಪತ್ತು ದೀನಾರ್ ಎಣಿಸಿ ಕೊಟ್ಟೆ. ಮೊಹರು ಬಿತ್ತು. ಹನ್ನೊಂದು ಮನೆಗೂ ಅದೇ ಲೆಕ್ಕವಾಯಿತು. ಕೆಳಗಿಳಿದು ಬಂದಾಗ ನಬೀಲ್ ನಮಗೆಲ್ಲ ಚಾ ತರಿಸಿದ. ದುಡ್ಡು ಕೊಡಲು ಮಾತ್ರ ಐರಿನ್ ಬಾಯಿ ಅವನನ್ನು ಬಿಡಲಿಲ್ಲ. ಎರಡು ತಿಂಗಳಿಗೆ ಶಶಿಕಲಾ ಬಂದಳು, ಭರಣಿ ದಾರಿಯಲ್ಲಿ ಸೋರಿ ಮಗಳ ಸ್ವೆಟರೆಲ್ಲ ಮಾವಿನಕಾಯಿ.

ಇಷ್ಟೆಲ್ಲ ನೆನಪಾದ ಮೇಲೆ ಸುಮ್ಮನಿರಲಾಗದೆ ನಿನ್ನೆಯೇ ಕಾರ್ಕಳಕ್ಕೆ ಫೋನ್ ಹಚ್ಚಿದೆ. ನಿವೃತ್ತರಾಗಿ ಊರು ಸೇರಿ ವರ್ಷಗಳಾದವು ಅವರಿಗೆ. ಕಿವಿ ಸ್ವಲ್ಪ ಮಂದ, ಧ್ವನಿ ಅದೇ. ಜೂನ್ ಮೂವತ್ತೊಂದು ಎಂದದ್ದೇ ನಕ್ಕರು, ಕೆಮ್ಮು ಬರುವವರೆಗೂ ನಕ್ಕರು. ನಿಮ್ಮ ಧೈರ್ಯ ಇಲ್ಲದಿದ್ದರೆ ನನ್ನ ಸಂಸಾರವೇ ಇಲ್ಲಿಗೆ ಬರುತ್ತಿರಲಿಲ್ಲ ಬಾಯಿ ಎಂದೆ.

ಆ ಕಡೆ ಬಾಗಿಲು ಮುಚ್ಚಿದ ಸದ್ದು.

"ಎಂತ ಧೈರ್ಯ ಮಾರಾಯ. ನಿನಗೆ ಬರೋ ಮೊದಲು ನನಗೆ ಬಂದಿತ್ತು ಆ ಪಟ್ಟಿ. ಎರಡು ತಿಂಗಳ ಬಾಕಿ, ಆರು ದೀನಾರ್. ನಲವತ್ತಾರು ಕೊಟ್ಟಿದ್ದೇನೆ."

"ನೀವಾ?"

"ಆ ವಸೂಲಿಯ ಮನುಷ್ಯ ಬಾಗಿಲಲ್ಲಿ ನಿಂತಿದ್ದ. ಎದುರುಮನೆಯವ ನೀನು ನೋಡಿದ್ರೆ ಎಂತ ಹೇಳ್ತೀಯಾ ಅಂತ ಹೆದರಿ, ಎಣಿಸಿ ಕೊಟ್ಟೆ. ನಮ್ಮವರಿಗೂ ಹೇಳ್ಲಿಲ್ಲ. ಆಮೇಲೆ ಒಂದು ವಾರ ಹೊಟ್ಟೆ ಉರಿದು ನಿದ್ದೆ ಬರ್ಲಿಲ್ಲ."

"ಮತ್ತೆ ಅವತ್ತು ಮ್ಯಾನೇಜರ ಹತ್ರ ಕೇಳಬಹುದಿತ್ತಲ್ಲ?"

"ನೀವೆಲ್ಲ ಹಿಂದೆ ನಿಂತಿದ್ರಲ್ಲ! ಐರಿನ್ ಬಾಯಿ ಹೆದರಿ ಕೊಟ್ಟಳು ಅಂತ ಗೊತ್ತಾಗ್ತಿತ್ತು." ಒಂದು ನಿಟ್ಟುಸಿರು. ಆಮೇಲೆ ಧ್ವನಿ ತಗ್ಗಿಸಿ, "ರಸೀದಿ ಉಂಟು ನನ್ನ ಹತ್ರ. ಎರಡು ದೀನಾರ್ ಅವರದ್ದು, ನ್ಯಾಯದ್ದು. ಮೂವತ್ತೆಂಟು ಬರ್ಬೇಕು."

ಇವತ್ತು ಬೆಳಿಗ್ಗೆ ಅವರ ಮೊಮ್ಮಗಳು ರಸೀದಿಯ ಫೋಟೋ ಕಳಿಸಿದಳು. ನಾನು ಅದನ್ನು ಮುದ್ರಿಸಿ ಫೈಲಿಗೆ ಹಾಕಿ, ಕಚೇರಿಗೆ ಅರ್ಧ ದಿನ ರಜೆ ಹೇಳಿ, ಬೂಟು ಹಾಕಿಕೊಳ್ಳುತ್ತಿದ್ದೆ. ಬಿಸಿಲು ಆಗಲೇ ಕಣ್ಣು ಕುಕ್ಕುತ್ತಿತ್ತು. ಆ ಕಚೇರಿ ಇದೆಯೋ, ಎದ್ದುಹೋಗಿದೆಯೋ ದೇವರೇ ಬಲ್ಲ.

"ಎಲ್ಲಿಗೆ ಈ ಸೆಕೆಯಲ್ಲಿ?" ಎಂದಳು ಶಶಿಕಲಾ.

"ಮಿರ್ಕಾಬಿಗೆ" ಎಂದೆ. "ಮೂವತ್ತೆಂಟು ದೀನಾರ್ ಕೇಳಲಿಕ್ಕುಂಟು."