ಕೊನೇ ಗದ್ದೆಗೆ ಮೊದಲ ನೀರು

ಕೋಡು ಬರೆಯುವುದಕ್ಕಿಂತ ಕಿತ್ತುಹಾಕುವುದರಲ್ಲಿ ನಾನು ಜಾಣೆ. ಮಂಡ್ಯದ ನಮ್ಮ ಆಫೀಸಿನಲ್ಲಿ ಯಾವ ಹಳೇ ವೆಬ್‌ಸೈಟು ಕುಂಟಿದರೂ ಅದು ನನ್ನ ಮೇಜಿಗೇ ಬರುತ್ತದೆ. ಜಂಬದಿಂದಲೇ ಹೇಳುತ್ತಿದ್ದೇನೆ. ನನ್ನದೇ ಒಂದು ತಪ್ಪನ್ನು ಹೇಳಿಕೊಳ್ಳಲು ಕೂತಾಗಲೂ ಆ ಜಂಬ ಪೂರ್ತಿ ಇಳಿದಿಲ್ಲ.

ಮಳವಳ್ಳಿ ತಾಲ್ಲೂಕಿನ ನಮ್ಮೂರ ನಾಲೆಗೆ ನೀರು ಬಿಡುವುದು ಎಣಿಸಿದಷ್ಟು ದಿನ. ಯಾರ ಗದ್ದೆಗೆ ಯಾವಾಗ ಎಂಬ ಸರದಿಯನ್ನು ಎಲ್ಲರೂ ಫೋನಿನಲ್ಲೇ ನೋಡಲಿ ಅಂತ, ಕೆಲಸಕ್ಕೆ ಸೇರಿದ ಹೊಸದರಲ್ಲಿ ಒಂದು ವೆಬ್‌ಸೈಟು ಮಾಡಿಕೊಟ್ಟಿದ್ದೆ. ಪಟ್ಟಿ ತೋರಿಸಲು ಯಾರೋ ಬರೆದಿಟ್ಟಿದ್ದ ಸಿದ್ಧ ಕೋಡನ್ನು, ನಮ್ಮ ಮಾತಿನಲ್ಲಿ ಲೈಬ್ರರಿಯನ್ನು, ತಂದು ಜೋಡಿಸಿದ್ದೆ. ಬರೆದವರು ಅದನ್ನು ಕೈಬಿಟ್ಟು ವರ್ಷಗಳಾಗಿದ್ದವು. ಹೊಸ ಫೋನುಗಳಲ್ಲಿ ಪುಟ ತೆರೆಯದೆ ಬೆಳ್ಳಗೆ ನಿಲ್ಲತೊಡಗಿತು. ಒಂದು ಭಾನುವಾರ ಪಟ್ಟು ಹಿಡಿದು ಕೂತು ಆ ಲೈಬ್ರರಿಯನ್ನು ಬೇರುಸಮೇತ ಕಿತ್ತೆ. ಅದರ ಜಾಗಕ್ಕೆ ನಾನೇ ನಲವತ್ತು ಸಾಲು ಬರೆದೆ. ಅಚ್ಚುಕಟ್ಟಾಗಿ ಕಾಣಲಿ ಅಂತ ಗದ್ದೆಗಳನ್ನು ಸರ್ವೆ ನಂಬರಿನ ಪ್ರಕಾರ ಜೋಡಿಸಿ, ಟೀ ಕುಡಿದು ಎದ್ದೆ.

ಮುಂದಿನ ವಾರ ನಾಲೆಗೆ ನೀರು ಬಂತು. ಬೆಳಿಗ್ಗೆಯೇ ಅಪ್ಪನ ಫೋನು.

"ಏನವ್ವಾ, ನಮ್ ಗದ್ದೆಗೆ ಮೊದ್ಲು ನೀರು ಬುಡಕ್ಕೆ ನೀನೇ ಏಳಿದ್ದಾ?"

ನಮ್ಮ ಗದ್ದೆ ನಾಲೆಯ ತಲೆಯಲ್ಲಿದೆ. ಊರಿನ ಕಟ್ಟಳೆಯೆಂದರೆ ಮೊದಲ ನೀರು ನಾಲೆಯ ಕೊನೆಯ ಗದ್ದೆಗೆ, ತಲೆಯವರಿಗೆ ಕಟ್ಟಕಡೆಗೆ. ತಲೆಯವರು ಮೊದಲು ತಿರುಗಿಸಿಕೊಂಡರೆ ಕೊನೆಗೆ ಹನಿಯೂ ಮುಟ್ಟುವುದಿಲ್ಲ. ಇದು ನನಗೆ ಗೊತ್ತಿರಲಿಲ್ಲವೇ? ಹುಟ್ಟಿದಾಗಿನಿಂದ ಗೊತ್ತು. ಆದರೆ ವೆಬ್‌ಸೈಟಿನಲ್ಲಿ ಅದನ್ನು ನಾನು ಎಲ್ಲೂ ಬರೆದಿರಲಿಲ್ಲ. ನೀರು ತಿರುಗಿಸುವ ನೀರುಗಂಟಿ ಮಾವ ಹೆಸರುಗಳನ್ನು ಕೊನೆಯ ಗದ್ದೆಯಿಂದ ಶುರುಮಾಡಿ ತುಂಬಿಸಿದ್ದ, ಹಳೇ ಲೈಬ್ರರಿ ಅವನು ತುಂಬಿಸಿದ ಸಾಲಿನಲ್ಲೇ ತೋರಿಸುತ್ತಿತ್ತು, ಅಷ್ಟೇ. ಸರ್ವೆ ನಂಬರು ಶುರುವಾಗುವುದು ತಲೆಯಿಂದ. ಆ ವಾರ ಮಾವ ಮಂಡಿನೋವಿನಿಂದ ಮಲಗಿದ್ದ. ಬದಲಿಗೆ ಬಂದಿದ್ದವನು ಮದ್ದೂರು ಕಡೆಯವನು, ನಮ್ಮೂರ ಕಟ್ಟಳೆ ಅರಿಯದೆ ಫೋನಿನ ಪಟ್ಟಿ ನಂಬಿ ನಮ್ಮ ತೂಬು ತೆಗೆದಿದ್ದ.

ಮಂಡ್ಯದಿಂದ ಊರ ಕಡೆಯ ಪೂರಿಗಾಲಿ ಬಸ್ಸು ಹಿಡಿದು ಹೋದೆ. ನಾಲೆ ಏರಿಯ ಮೇಲೆ ಕೊನೇ ಗದ್ದೆಯ ಅತ್ತೆ ನಿಂತಿದ್ದಳು. ನೀರುಗಂಟಿ ಮಾವನಂತೆ ಇವಳೂ ನೆಂಟಳಲ್ಲ, ಊರಿನ ವರಸೆಯಲ್ಲಿ ಅತ್ತೆ. ಅವಳ ಒಟ್ಲಿನಲ್ಲಿ, ಅಂದರೆ ಸಸಿಮಡಿಯಲ್ಲಿ, ಭತ್ತದ ಪೈರು ನಾಟಿಯ ವಯಸ್ಸು ಮೀರುತ್ತಿತ್ತು. ಈ ಸರದಿ ತಪ್ಪಿದರೆ ಅವಳಿಗೆ ಈ ಸಲದ ಬೆಳೆಯೇ ಇಲ್ಲ.

"ಓದ್ಕಂಡೋಳು ನೀನು. ಪಟ್ಟೀಲಿ ನಿಮ್ಮಪ್ಪನ್ ಗದ್ದೆ ಮ್ಯಾಕೆ ಬಂತು, ನಂದು ಕೆಳೀಕೋಯ್ತು. ಕಂಪ್ಯೂಟ್ರು ಮಾಡ್ತು ಅನ್ಬೇಡ ಕಣಮ್ಮ."

"ಕಂಪ್ಯೂಟ್ರಲ್ಲ ಅತ್ತೆ. ನಾನೇ ಮಾಡಿದ್ದು."

ಬೇಕೆಂದು ಮಾಡಿದ್ದಲ್ಲ ಅನ್ನಲು ಹೋಗಲಿಲ್ಲ. ಹಾಗೆ ಅನ್ನುವವರನ್ನು ಕಂಡರೆ ನನಗೇ ಆಗದು. ಪಕ್ಕದಲ್ಲಿದ್ದ ಅಪ್ಪ ಅದನ್ನು ಕೇಳಿ ನೀರಿಗಿಳಿದು ನಮ್ಮ ತೂಬಿಗೆ ಹಲಗೆ ಕೊಟ್ಟು ಕೆಸರು ಮೆತ್ತಿದ. ನೀರು ಮುಂದಕ್ಕೆ ಹೊರಟಿತು.

ಲ್ಯಾಪ್‌ಟಾಪು ಹಿಡಿದು ನೀರುಗಂಟಿ ಮಾವನ ಮನೆಗೆ ಹೋಗಿ ಆದದ್ದನ್ನೆಲ್ಲ ಹೇಳಿದೆ.

"ಆ ಹಳೇದ್ನೇ ವಾಪಸ್ ಆಕ್ಬುಡವ್ವ," ಅಂದ.

"ಇಲ್ಲ ಮಾವ. ಅದಕ್ಕೂ ಕಟ್ಟಳೆ ಗೊತ್ತಿರಲಿಲ್ಲ. ನೀನು ಹೇಳು, ಬರ್ಕೋತೀನಿ."

ಕಿತ್ತದ್ದು ಸರಿ ಎಂದು ಆಗಲೂ ಅಂದುಕೊಂಡೆ, ಈಗಲೂ ಅನ್ನುತ್ತೇನೆ. ಕೀಳುವ ಮೊದಲು ಅದು ಏನನ್ನು ಹೊತ್ತಿತ್ತು ಅಂತ ನೋಡಲಿಲ್ಲವಲ್ಲ, ಅದು ತಪ್ಪು. ಮಾವ ಮಂಚದಲ್ಲಿ ಕಣ್ಣು ಮುಚ್ಚಿ, ಕೊನೆಯಿಂದ ತಲೆಯವರೆಗೆ ಒಂದೊಂದೇ ಗದ್ದೆ ಹೇಳಿದ. ಪ್ರತಿ ಗದ್ದೆಗೂ ಅದರ ಸರದಿಯ ಸಂಖ್ಯೆ ಸೇರಿಸಿದೆ. ಪುಟದ ನೆತ್ತಿಗೆ "ನೀರು ಮೊದಲು ಕೊನೆಯ ಗದ್ದೆಗೆ" ಎಂದು ದಪ್ಪಕ್ಷರದಲ್ಲಿ ಬರೆದೆ.

ಮಾವ ನನ್ನ ಫೋನು ಇಸಿದುಕೊಂಡು, ಕಟ್ಟಕಡೆಯಲ್ಲಿ ನಮ್ಮ ಗದ್ದೆ ಕಾಣುವವರೆಗೂ ಬೆರಳಾಡಿಸಿದ.

"ಇಷ್ಟ್ ದಿನ ಇದು ನನ್ ತಲೇಲ್ ಮಾತ್ರ ಇತ್ತು ಕಣವ್ವ. ಮಂಡಿ ಕೈಕೊಟ್ಟಾಗಿಂದ ಅದೇ ಯೋಚ್ನೆ. ನಾನಿಲ್ದಿದ್ರೂ ಇನ್ನು ನೀರು ಕೊನೀಕೇ ಓಯ್ತದೆ, ಬುಡು."

ಸಂಜೆ ಅತ್ತೆಯ ಗದ್ದೆಗೆ ನೀರು ಮುಟ್ಟಿತು. ಅವಳು ಬದುವಿನ ಮೇಲೆ ನಿಂತು ನನ್ನನ್ನು ಮೇಲಿಂದ ಕೆಳಗೆ ನೋಡಿದಳು.

"ನಾಳಿದ್ದು ನಾಟಿ. ಆಳು ಸಾಲ್ದು. ಬತ್ತೀಯಾ?"

ಅಲ್ಲೇ ನಿಂತು ಆಫೀಸಿಗೆ ರಜೆ ಹಾಕಿದೆ.