ತಕರಾರು ತೆಗೆಯದ ಸಾಹೇಬ

ಮಾನ್ವಿಯಲ್ಲಿ ನಮ್ಮ ಓಣಿಯ ಗುಡಿಗೆ ಅಡುಗೆ ಮಾಡುತ್ತಿದ್ದ ಆಚಾರ್ಯರಿಗೆ ತಮ್ಮ ಕೆಲಸದ ಬಗ್ಗೆ ವಿಪರೀತ ಹೆಮ್ಮೆ. ರಾಯಚೂರಿನ ಕಚೇರಿಯಿಂದ ಬಂದು ನಾನು ನಮ್ಮ ಸಾಹೇಬರನ್ನು ಬೈದಾಗಲೆಲ್ಲ ಅವರು ಸೌಟನ್ನು ಗರ್ಭಗುಡಿಯತ್ತ ತೋರಿಸಿ, "ನಮ್ಮ ಸಾಹೇಬನ್ನ ನೋಡ್ರಿ, ಒಂದ್ ದಿನಾನೂ ತಕರಾರು ತಗದಿಲ್ಲ" ಎನ್ನುತ್ತಿದ್ದರು.

ನೈವೇದ್ಯವಾಗುವ ಮೊದಲು ಅಡುಗೆಯ ರುಚಿ ನೋಡುವಂತಿಲ್ಲ. ಆದ್ದರಿಂದ ಅವರದು ಬರೀ ಕೈ ಅಂದಾಜು. ಒಮ್ಮೆ ಆರಾಧನೆಯ ಊಟದಲ್ಲಿ, ಮೊದಲ ತುತ್ತಿಗೇ ಪಂಕ್ತಿಯ ಕೈಗಳೆಲ್ಲ ಎಲೆಯ ತುದಿಗೆ ಬಡಿಸಿದ್ದ ಉಪ್ಪಿನ ಕಡೆ ಹೋದವು.

"ಹುಳಿಗೆ ಉಪ್ಪೇ ಬಿದ್ದಿಲ್ಲಲ್ರೀ, ಆಚಾರ್ರ" ಎಂದೆ.

"ನಮ್ಮ ಸಾಹೇಬ ಮದ್ಲ ಉಂಡಾನ, ತಕರಾರು ತಗದಿಲ್ಲ. ನಿಮ್ಮದೇನ್ರೀ?"

ಎಲ್ಲರ ಊಟ ಮುಗಿದ ಮೇಲೆ ಅವರೂ ಎಲೆ ಹಾಕಿಕೊಂಡು ಕುಳಿತರು. ಮೊದಲ ತುತ್ತಿಗೇ ಅವರ ಕೈಯೂ ಉಪ್ಪಿನ ಕಡೆ ಹೋಯಿತು. ಆಮೇಲೆ ಗರ್ಭಗುಡಿಯತ್ತ ತಿರುಗಿ ಮೆಲ್ಲಗೆ ಕೇಳಿದರು: "ನನಗರೆ ಒಂದ್ ಮಾತು ಹೇಳಬಾರದೇನೋ, ಮಹರಾಯಾ?"